ಫೋನಿನ ಪಕ್ಕ ಕೂತಿದ್ದ ಹುಡುಗಿ

ಹಳೆಯ ಲ್ಯಾಂಡ್‌ಲೈನ್ ಫೋನನ್ನು ವಾಪಸ್ ಕೊಡುವುದಕ್ಕೆಂದು ಹೋದ ವಾರ ಒರೆಸುತ್ತಿದ್ದೆ. ಅಷ್ಟು ವರ್ಷ ದೇವರ ಗೂಡಿನ ಕೆಳಗೇ ಇತ್ತಲ್ಲ, ರಿಸೀವರಿನ ತೂತುಗಳಲ್ಲಿ ಇನ್ನೂ ಊದುಬತ್ತಿಯ ವಾಸನೆ. ಅದು ಮೂಗಿಗೆ ತಾಗಿದ್ದೇ, ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗಿ ನೆನಪಾದಳು...

ಮೊಬೈಲು ಎಲ್ಲರ ಕೈಗೂ ಬಂದಿರದ ದಿನಗಳು. ವಿಜಯನಗರದ ನಮ್ಮ ಮನೆಯಲ್ಲಿದ್ದುಕೊಂಡು ಅವಳು ಸಮಾಜಕಾರ್ಯ ಓದುತ್ತಿದ್ದಳು. ಬೀದಿಯಲ್ಲಿ ಮಲಗುವವರಿಗೆ ಬಿನ್ನಿಪೇಟೆಯಲ್ಲಿ ಆಸರೆ ಕೊಡುತ್ತಿದ್ದ ಒಂದು ಸಂಸ್ಥೆಯಲ್ಲಿ ಫೀಲ್ಡ್ ವರ್ಕ್ ಮಾಡಬೇಕಿತ್ತು. ಅಷ್ಟರಲ್ಲಿ ಬಸ್ಸಿಳಿಯುವಾಗ ಬಿದ್ದು ಕಾಲು ಮುರಿದುಕೊಂಡಳು. ಮನೆಯಿಂದಲೇ ಫೋನಿನಲ್ಲಿ ಮಾಡು ಎಂದು ಕಾಲೇಜಿನವರು ಒಪ್ಪಿದರು. ತಲೆಗೆ ಪೆಟ್ಟಾಗಲಿಲ್ಲ, ವರ್ಷ ಹಾಳಾಗಲಿಲ್ಲ. ಎರಡಕ್ಕೂ ಒಂದೊಂದು ತುಪ್ಪದ ದೀಪ ಹಚ್ಚಿದೆ.

ಅಲ್ಲಿದ್ದವರ ಊರು, ಹೆಸರು ಕೇಳಿ ಬರೆದುಕೊಂಡು, ಆ ಊರಿನ ಪಂಚಾಯಿತಿಗೆ ಫೋನ್ ಮಾಡಿ ಮನೆಯವರನ್ನು ಹುಡುಕುವುದು ಅವಳ ಕೆಲಸ. ಹಾವೇರಿ ಕಡೆಯ ಒಬ್ಬ ಅಜ್ಜಿ ಇದ್ದರು. ಯಾತ್ರೆಗೆ ಬಂದು, ಗುಂಪು ತಪ್ಪಿ, ತಿಂಗಳುಗಟ್ಟಲೆ ಬೀದಿಯಲ್ಲಿದ್ದವರು. ಆ ಹೆಸರಿನವರು ಊರಲ್ಲಿ ಹತ್ತು ಜನ ಇದ್ದಾರೆ, ಗಂಡನ ಹೆಸರು ಬೇಕು ಎಂದರು ಪಂಚಾಯಿತಿಯವರು. ಅದನ್ನು ಕೇಳಿದರೆ ಅಜ್ಜಿ ಬಾಯಿಯೇ ಬಿಡುತ್ತಿರಲಿಲ್ಲ. ಸೋಮವಾರದೊಳಗೆ ಯಾರೂ ಸಿಗದಿದ್ದರೆ ಅವರನ್ನು ಸರ್ಕಾರದ ನಿರಾಶ್ರಿತರ ಕೇಂದ್ರಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು.

"ಅಜ್ಜಿಗೆ ಮರೆವು ಆಂಟಿ. ಎತ್ತುಗಳ ಹೆಸರೆಲ್ಲ ಹೇಳ್ತಾರೆ, ಗಂಡನ ಹೆಸರು ಮಾತ್ರ ಇಲ್ಲ!" ಎನ್ನುತ್ತಾ ಅವಳು ಫಾರಂನಲ್ಲಿ ‘ನೆನಪಿಲ್ಲ’ ಎಂದು ಬರೆದಳು.

"ಮರೆವಲ್ಲ ಕಣೇ. ನಮ್ಮನೆಯವರ ಹೆಸರು ನನ್ನ ಬಾಯಲ್ಲಿ ಯಾವತ್ತಾದ್ರೂ ಕೇಳಿದೀಯಾ?"

ಯೋಚಿಸಿದಳು. "ಇಲ್ಲ... ಗೇಟಿನ ಬೋರ್ಡ್ ನೋಡಿ ತಿಳ್ಕೊಂಡಿದ್ದು."

"ಹಾಗೆಲ್ಲ ಹೇಳಬಾರದು ಅಂತ. ಅಜ್ಜಿ ಲೈನಲ್ಲೇ ಇದಾರಲ್ಲ, ಕೊಡು ಇಲ್ಲಿ ಫೋನು."

ಹೊಸ ಮದುಮಗಳನ್ನು ಹೊಸಿಲಲ್ಲಿ ತಡೆದು, ಪದ ಕಟ್ಟಿಸಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಅದೇ ಒಡಪು. ಅದರಲ್ಲಾದರೆ ದೋಷವಿಲ್ಲ. "ಅಜ್ಜೀ, ಒಂದು ಒಡಪು ಹೇಳ್ರೀ, ಕೇಳೋಣ" ಎಂದೆ.

ಆ ಕಡೆಯಿಂದ ಸಣ್ಣ ನಗು. "ಈ ವಯಸ್ನ್ಯಾಗ ನಾಚಿಕಿ ಬರ್ತೈತಿ ಯವ್ವಾ..." ಎಂದವರು ಉಸಿರೆಳೆದುಕೊಂಡು, "ಹತ್ತಿ ಬಿಡಿಸಿದೆ, ಬತ್ತಿ ಹೊಸೆದೆ, ಗೂಡಿನ್ಯಾಗ ದೀಪ ಇಟ್ಟೆ, ಬೆಳಕಿನ್ಯಾಗ ಕಂಡವ್ರು..." ಕೊನೆಗೆ ಹೆಸರು ಬಂತು. ನಾನು ಜೋರಾಗಿ ಹೇಳಿದೆ. ಹುಡುಗಿ ‘ನೆನಪಿಲ್ಲ’ವನ್ನು ಹೊಡೆದುಹಾಕಿ ಬರೆದುಕೊಂಡಳು. ಅಷ್ಟು ಹೊತ್ತು ಲೈನ್ ಕಟ್ಟಾಗಲಿಲ್ಲ, ಅದೂ ದೇವರ ದಯೆಯೇ.

ಭಾನುವಾರ ಮಗಳು, ಅಳಿಯ ಬಂದು ಅಜ್ಜಿಯನ್ನು ಕರೆದುಕೊಂಡು ಹೋದರಂತೆ. ನಾವಿಬ್ಬರೂ ಅವರ ಮುಖ ನೋಡಲೇ ಇಲ್ಲ.

ಪ್ಲಾಸ್ಟರ್ ತೆಗೆದರು, ಓದು ಮುಗಿಯಿತು, ಹುಡುಗಿ ರೂಮು ಖಾಲಿ ಮಾಡಿದಳು. ಕೆಲವು ವರ್ಷ ಯುಗಾದಿಗೆ ಫೋನ್ ಮಾಡಿ, "ಆಂಟಿ, ಎಲ್ಲಿ, ಅಂಕಲ್ ಹೆಸರು ಹೇಳಿ ನೋಡೋಣ" ಎಂದು ಕಾಡುತ್ತಿದ್ದಳು. ನಾನು ಹೇಳುತ್ತಿರಲಿಲ್ಲ. ಬರಬರುತ್ತಾ ಆ ಫೋನೂ ನಿಂತಿತು...

ನಮ್ಮನೆಯವರು ಹೋಗಿ ವರ್ಷವಾಯಿತು. ನರಳಲಿಲ್ಲ, ಅಷ್ಟು ಸಾಕು.

ಫೋನ್ ಕಚೇರಿಯ ಕೌಂಟರಿನಲ್ಲಿ, "ಕನೆಕ್ಷನ್ ಯಾರ ಹೆಸರಲ್ಲಿದೆ ಅಮ್ಮಾ?" ಎಂದರು. ಸುಮ್ಮನೆ ನಿಂತೆ. "ಮರೆತೋಯ್ತಾ?" ಎಂದರು. ಇಲ್ಲವೆಂದು ತಲೆಯಾಡಿಸಿ, ಒಡಪಿಲ್ಲದೆ, ಬರೀ ಹೆಸರು ಹೇಳಿದೆ. ಬರೆದುಕೊಂಡು ನಂಬರ್ ರದ್ದು ಮಾಡಿದರು.

ಆ ಹುಡುಗಿಯ ಹತ್ತಿರ ಇದ್ದದ್ದು ಅದೊಂದೇ ನಂಬರ್.