ಮೂರನೆಯ ಸಪ್ಪಳ

ನಮ್ಮ ಶಾಲೆಯ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಚೆಂಡನ್ನು ಒಂದು ಸಲ ನೆಲಕ್ಕೆ ಕುಟ್ಟಿದರೆ ಎರಡು ಸಲ ಕೇಳಿಸುತ್ತಿತ್ತು. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿ, ಮಲಪನಗುಡಿಯ ಆಸುಪಾಸು. ಶಾಲೆಯ ಹಿಂದೆ ಕೋರ್ಟು, ಕೋರ್ಟಿನ ಹಿಂದೆ ಒಂದರ ಮೇಲೊಂದು ಬಂಡೆ ಒಟ್ಟಿದಂಥ ಗುಡ್ಡ. ನಾವು ಟಪ್ ಎನ್ನಿಸಿದರೆ ಅರೆಕ್ಷಣ ಬಿಟ್ಟು ಗುಡ್ಡವೂ ಟಪ್ ಎನ್ನುತ್ತಿತ್ತು. ನಾನು ಅಲ್ಲಿ ಪಿ.ಟಿ. ಟೀಚರ್ ಆಗಿ ಸೇರಿದ ಮೊದಲ ವಾರ, ಹಿಂದೆ ಯಾರೋ ನಿಂತು ನನ್ನನ್ನು ಅಣಕಿಸುತ್ತಿದ್ದಾರೆ ಎನಿಸಿ ನಾಲ್ಕೈದು ಸಲ ತಿರುಗಿ ನೋಡಿದ್ದೆ. ಆಮೇಲೆ ರೂಢಿಯಾಯಿತು. ರೂಢಿಯಾಗಬಾರದಿತ್ತು ಎಂದು ಈಗ ಅನಿಸುತ್ತದೆ.

ಹೊರಗಿನ ಟೀಮುಗಳಿಗೆ ಮಾತ್ರ ಅದು ರೂಢಿಯಾಗುತ್ತಿರಲಿಲ್ಲ. ಕಂಪ್ಲಿಯ ಹುಡುಗಿಯರು ಡ್ರಿಬಲ್ ಮಾಡುತ್ತಾ ಮಾಡುತ್ತಾ ಲೆಕ್ಕ ತಪ್ಪಿ ಚೆಂಡನ್ನು ತಮ್ಮ ಕಾಲಿಗೇ ಬಡಿದುಕೊಳ್ಳುವರು. ಅವರ ಕೋಚ್, ದಪ್ಪ ಮೀಸೆಯ ತಮಾಷೆಯ ಮನುಷ್ಯ, ಸೋತ ಮೇಲೆ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು ಹೇಳುತ್ತಿದ್ದರು.

"ನಿಮ್ಮ ಕೂಡ ಆಡೋದು ಭಾಳ ಕಷ್ಟ ಆತ್ರಿ ಮೇಡಂ. ಐದು ಮಂದಿ ಕಣ್ಣಿಗೆ ಕಾಣ್ತಾರ. ಇನ್ನೈದು ಮಂದಿ ಗುಡ್ಡದ ಹಿಂದ ಅದಾರ."

"ಅವರನ್ನೂ ಸ್ಕೋರ್‌ಶೀಟಿನಲ್ಲಿ ಬರೆಸಿಬಿಡಿ ಸರ್," ಎಂದು ನಾನು ನಗುತ್ತಿದ್ದೆ.

ಅವರು ನಗುತ್ತಲೇ ಗುಡ್ಡದ ಕಡೆ ಒಂದು ಸಲ ನೋಡಿ ಹೋಗುತ್ತಿದ್ದರು.

ನಾನು ಕಲಿತದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ನಮಗೆ ಪಿಯಾನೊ ಕಲಿಸುತ್ತಿದ್ದ ಸಿಸ್ಟರೇ ಬಾಸ್ಕೆಟ್‌ಬಾಲ್ ಕೂಡ ಕಲಿಸುತ್ತಿದ್ದರು. ಉದ್ದ ಗೌನು ಎತ್ತಿ ಕಟ್ಟಿಕೊಂಡು ಓಡುವರು. ಎರಡಕ್ಕೂ ಅವರದು ಒಂದೇ ಪಾಠ: "ಲಿಸನ್, ಚೈಲ್ಡ್. ಹಿಂದಿನ ಸ್ವರ ಮುಗಿಯಲಿ, ಆಮೇಲೆ ಮುಂದಿನದು." ಹೊಸಪೇಟೆಯ ಆ ಗುಡ್ಡ ಸಿಕ್ಕಾಗ ನನಗೆ ಸಿಸ್ಟರ್ ನೆನಪಾದರು. ನನ್ನದೇ ಒಂದು ಮೆಥಡ್ ಕಟ್ಟಿದೆ. ಫ್ರೀ ಥ್ರೋ ಗೆರೆಯ ಮೇಲೆ ನಿಂತಾಗ ಚೆಂಡನ್ನು ಮೂರು ಸಲ ಕುಟ್ಟಬೇಕು. ಗುಡ್ಡ ಮೂರನೆಯದನ್ನು ವಾಪಸು ಕೊಡುವವರೆಗೆ ಕಾಯಬೇಕು. ಉಸಿರು ಬಿಡಬೇಕು, ಹೊಡೆಯಬೇಕು. ರೆಫರಿ ನಮ್ಮ ಕೈಗೆ ಚೆಂಡು ಕೊಟ್ಟ ಮೇಲೆ ಹೊಡೆಯಲು ಇರುವುದು ಐದು ಸೆಕೆಂಡು. ನಮ್ಮದು ಮೂರರಲ್ಲೇ ಮುಗಿಯುತ್ತಿತ್ತು. ನಾನು ಸೈಡ್‌ಲೈನಿನಲ್ಲಿ ನಿಂತು ಗುಡ್ಡದಿಂದ ಬಂದ ಒಂದೊಂದು ಸಪ್ಪಳಕ್ಕೂ ಒಂದೊಂದು ಬೆರಳು ಮಡಚುತ್ತಿದ್ದೆ. ಮೂರನೆಯ ಬೆರಳು ಮಡಚುವ ಹೊತ್ತಿಗೆ ಚೆಂಡು ಗಾಳಿಯಲ್ಲಿರುತ್ತಿತ್ತು.

ಹತ್ತು ಹುಡುಗಿಯರಲ್ಲಿ ಒಂಬತ್ತು ಜನ ಈ ಮೆಥಡ್ಡನ್ನು ಅರ್ಧಂಬರ್ಧ ಪಾಲಿಸುತ್ತಿದ್ದರು. ಹಾಗೆಯೇ ಅಲ್ಲವೆ ಮಕ್ಕಳು. ಒಬ್ಬಳು ಮಾತ್ರ ಅಕ್ಷರಶಃ ಪಾಲಿಸುತ್ತಿದ್ದಳು. ಪಾಪಿನಾಯಕನಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ, ಉದ್ದನೆಯ ತೋಳಿನ, ಮಾತು ಕಡಿಮೆಯ ಹತ್ತನೇ ಕ್ಲಾಸಿನ ಹುಡುಗಿ. ತಂದೆತಾಯಿ ಇಬ್ಬರೂ ಹೊಲದ ಕೂಲಿಗೆ ಹೋಗುವವರು. ಅವಳು ಫ್ರೀ ಥ್ರೋ ತಪ್ಪಿಸಿದ್ದನ್ನು ನಾನು ನೋಡಿದ್ದೇ ಕಡಿಮೆ. "ನಿನಗೆ ಭಯ ಆಗೋದಿಲ್ವಾ?" ಎಂದು ಒಮ್ಮೆ ಕೇಳಿದ್ದಕ್ಕೆ, "ಅದು ಹೊಡಿ ಅಂತದ್ರಿ ಮಿಸ್, ನಾ ಹೊಡೀತೀನಿ," ಎಂದಿದ್ದಳು. ಗುಡ್ಡದ ಕಡೆ ಗದ್ದ ತೋರಿಸಿದ್ದಳು.

ಆ ವರ್ಷದ ಫೈನಲ್ ಸಂಡೂರಿನಲ್ಲಿತ್ತು. ನಮಗೂ ಸಂಡೂರಿನವರಿಗೂ ಹಳೆಯ ಜಿದ್ದು. ಅವರು ನಮ್ಮಲ್ಲಿಗೆ ಬಂದು ಸೋತರೆ ತಪ್ಪನ್ನು ಗುಡ್ಡದ ಮೇಲೆ ಹಾಕುವರು, ನಾವು ಅಲ್ಲಿಗೆ ಹೋಗಿ ಸೋತರೆ ಧೂಳಿನ ಮೇಲೆ ಹಾಕುವೆವು. ಅದಿರಿನ ಲಾರಿಗಳ ಹಿಂದೆ ನಮ್ಮ ವ್ಯಾನು ನಿಧಾನಕ್ಕೆ ಹೋಗುತ್ತಿದ್ದರೆ ರಸ್ತೆ ಬದಿಯ ಬೇವಿನ ಎಲೆ ಕೂಡ ಕೆಂಪು. ಅಲ್ಲಿಯ ಕೋರ್ಟಿನಲ್ಲಿ ಹತ್ತು ನಿಮಿಷ ಆಡಿದರೆ ಬಿಳಿ ಸಾಕ್ಸು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಸುತ್ತ ಬಯಲು. ಗೋಡೆ ಇಲ್ಲ, ಕಟ್ಟಡ ಇಲ್ಲ. ಬೆಟ್ಟಗಳು ದೂರದಲ್ಲಿ, ಮಬ್ಬಿನಲ್ಲಿ.

ಅಂದು ಆಟಕ್ಕಿಂತ ಹೆಚ್ಚಿನದು ಒಂದಿತ್ತು. ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಒಬ್ಬ ಹುಡುಗಿಯನ್ನು ಆರಿಸಲು ಸೆಲೆಕ್ಟರ್ ಬಂದಿದ್ದರು. ಸಿಕ್ಕರೆ ಊಟ, ವಸತಿ, ಕಾಲೇಜು, ಎಲ್ಲ ಅಲ್ಲೇ. ಸಿಗದಿದ್ದರೆ ಹತ್ತನೇ ಕ್ಲಾಸು ಮುಗಿದ ಬೇಸಿಗೆಗೆ ತಾನೂ ಹೊಲಕ್ಕೆ ಹೋಗುವುದೆಂದು ಹುಡುಗಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ವ್ಯಾನಿನಲ್ಲಿ ಅವಳ ಹೆಗಲು ತಟ್ಟಿ, "ಜಸ್ಟ್ ಡೂ ವಾಟ್ ವಿ ಪ್ರಾಕ್ಟೀಸ್," ಎಂದಿದ್ದೆ.

ಕೊನೆಯ ಕ್ಷಣಗಳು. ನಾವು ಒಂದು ಪಾಯಿಂಟ್ ಹಿಂದೆ. ಬುಟ್ಟಿಯ ಕೆಳಗೆ ಸಂಡೂರಿನವಳೊಬ್ಬಳು ನಮ್ಮ ಹುಡುಗಿಯ ಕೈ ಎಳೆದಳು, ಸೀಟಿ ಆಯಿತು. ಎರಡು ಫ್ರೀ ಥ್ರೋ. ಒಂದು ಬಿದ್ದರೆ ಸಮ, ಎರಡು ಬಿದ್ದರೆ ಗೆಲುವು. ಗೆರೆಯ ಹಿಂದೆ ಕುಳಿತ ಸಂಡೂರಿನ ಮಕ್ಕಳು ಶುರು ಮಾಡಿದರು.

"ಡ್ಯಾಮಿನ ನೀರು ಕುಡ್ದು ಕೈ ಒದ್ದಿ ಆಗ್ಯಾವ, ಜಾರ್ತದ ನೋಡ್ರಲೇ!"

"ಹೊಸಪ್ಯಾಟಿ ಅಕ್ಕಾ, ನಿಮ್ಮ ಗುಡ್ಡ ಮನ್ಯಾಗ ಬಿಟ್ಟು ಬಂದೀಯೇನ?"

ಆಮೇಲೆ, ಯಾರೂ ಹೇಳದೆ, ಎಲ್ಲರೂ ಒಟ್ಟಿಗೆ ಸುಮ್ಮನಾದರು. ಲಾರಿಗಳ ಸದ್ದೂ ಇರಲಿಲ್ಲ. ಅವಳು ಮೂರು ಸಲ ಕುಟ್ಟಿದಳು. ಬಯಲಿನಲ್ಲಿ ನಿಂತಳು. ತಲೆ ಒಂದಿಷ್ಟು ವಾಲಿಸಿ ಕೇಳಿಸಿಕೊಳ್ಳತೊಡಗಿದಳು.

ಒಂದು ಬಂತು. ಎರಡು ಬಂತು.

ಇದನ್ನು ನಾನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಆ ಖಾಲಿ ಬಯಲಿನಲ್ಲಿ, ವಾಪಸು ಕೊಡಲು ಏನೂ ಇಲ್ಲದ ಜಾಗದಲ್ಲಿ, ನನ್ನ ಕಿವಿಗೆ ಎರಡು ಸಪ್ಪಳ ಸ್ಪಷ್ಟವಾಗಿ ಬಂದವು. ನಮ್ಮ ಗುಡ್ಡದ್ದೇ ದನಿ. ಮೂರನೆಯದು ಬರಲಿಲ್ಲ. ಅವಳು ಕಾದಳು. ಐದು ಸೆಕೆಂಡು ಮುಗಿದು ರೆಫರಿ ಸೀಟಿ ಊದಿದರು: ವಯಲೇಷನ್. ಮೊದಲನೆಯದು ಹೋಯಿತು.

ನಾನು ಕೂಗಬೇಕಿತ್ತು. ಹೊಡಿ ಎಂಬ ಎರಡಕ್ಷರ ಸಾಕಿತ್ತು. ರೆಫರಿ ಮತ್ತೆ ಚೆಂಡು ಕೊಟ್ಟರು. ಈ ಸಲ ಅವಳು ಕುಟ್ಟಲೇ ಇಲ್ಲ. ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು, ಬರಬೇಕಾಗಿದ್ದ ಆ ಒಂದನ್ನೇ ಕಾಯುತ್ತಾ ನಿಂತಳು. ಬಾಯಿ ತೆರೆದುಕೊಂಡೇ ನಾನೂ ಕಾಯುತ್ತಿದ್ದೆ. ಸೀಟಿ ಆಯಿತು. ಸೋತೆವು.

ಜನ ಚದುರುತ್ತಿದ್ದಾಗ ಸೆಲೆಕ್ಟರ್ ನನ್ನ ಹತ್ತಿರ ಬಂದರು. "ಏನಾಯ್ತು ಮೇಡಂ ಆ ಹುಡುಗಿಗೆ? ಆಟ ಚೆನ್ನಾಗಿತ್ತಲ್ಲ?"

"ನರ್ವಸ್ ಆದಳು ಸರ್," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಪ್ರೆಶರ್ ತಡ್ಕೊಳ್ಳೋದಿಲ್ಲ," ಎಂದೂ ಸೇರಿಸಿದೆ. ಅವರು ಬರೆದುಕೊಂಡರು. ಹಾಸ್ಟೆಲ್ ಸೀಟು ಸಂಡೂರಿನ ಹುಡುಗಿಗೆ ಹೋಯಿತು.

ವಾಪಸು ಬರುವಾಗ ವ್ಯಾನಿನಲ್ಲಿ ನಮ್ಮ ಹುಡುಗಿ ನನ್ನ ಪಕ್ಕ ಕುಳಿತಿದ್ದಳು. ಅಂಗೈ ಕೆಂಪಾಗಿತ್ತು, ಒರೆಸಿಕೊಂಡಿರಲಿಲ್ಲ.

"ಮಿಸ್, ಎರಡು ಬಂತ್ರಿ. ಮೂರನೇದು ಬರ್ಲಿಲ್ಲ."

"ಅಲ್ಲಿ ಗುಡ್ಡನೇ ಇರ್ಲಿಲ್ಲ ಕಣಮ್ಮ," ಎಂದೆ. "ಡೋಂಟ್ ಬಿ ಸಿಲ್ಲಿ."

ಅವಳು ನನ್ನ ಕೈಯನ್ನೇ ಒಂದು ಗಳಿಗೆ ನೋಡಿ, ಕಿಟಕಿಯ ಕಡೆ ತಿರುಗಿದಳು. ಆಮೇಲೆ ಕೋರ್ಟಿಗೆ ಬರಲಿಲ್ಲ. ಪರೀಕ್ಷೆ ಬರೆದಳು, ಹೋದಳು.

ಫೈನಲ್ ಮುಗಿದ ಮುಂದಿನ ಸೋಮವಾರ, ಸಂಜೆ, ಚೆಂಡುಗಳನ್ನೆಲ್ಲ ರೂಮಿನಲ್ಲಿಟ್ಟು ಬೀಗ ಹಾಕಿ ನಾನೊಬ್ಬಳೇ ಕೋರ್ಟು ದಾಟುತ್ತಿದ್ದೆ. ಗುಡ್ಡದಿಂದ ಒಂದು ಸಪ್ಪಳ ಬಂತು. ಟಪ್. ಒಂದೇ. ಕೋರ್ಟಿನಲ್ಲಿ ಯಾರೂ ಇರಲಿಲ್ಲ. ಯಾರೂ ಕುಟ್ಟದ ಚೆಂಡಿನ ಸಪ್ಪಳವನ್ನು ಗುಡ್ಡ ವಾಪಸು ಕೊಟ್ಟಿತ್ತು. ಬಂಡೆ ಬಿಸಿಲಿಗೆ ಕಾದು ಸಂಜೆಗೆ ತಣಿಯುವಾಗ ಶಬ್ದ ಮಾಡುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಮರುದಿನವೂ ಬಂತು. ಮಳೆ ಹಿಡಿದ ದಿನ, ಬಂಡೆ ಕಾಯದ ದಿನವೂ ಬಂತು.

ನನ್ನ ತಲೆ ಕೆಟ್ಟಿದೆ ಎಂದೇ ನಂಬಿಬಿಡುತ್ತಿದ್ದೆನೋ ಏನೋ. ಆದರೆ ಗೇಟಿಗೆ ಬೀಗ ಹಾಕುವ ಆಯಾ ಒಂದು ಸಂಜೆ ಕೀಲಿ ಹಿಡಿದು ಸುಮ್ಮನೆ ನಿಂತಿದ್ದಳು. ಯಾಕೆ ಎಂದು ಕೇಳಿದೆ.

"ಇನ್ನಾ ಅದು ಬಂದಿಲ್ರಿ ಮಿಸ್."

"ಯಾವುದು?"

"ಅದ ರೀ, ಗುಡ್ಡದ ಸಪ್ಪಳ. ದಿನಾ ಒಂದು ಬರ್ತದ. ಅದು ಬಂದ ಮ್ಯಾಲೆ ನಾ ಗೇಟ್ ಹಾಕ್ತೀನಿ. ನನ್ನ ಕಡೆ ಗಡಿಯಾರ ಐತೇನ್ರಿ?"

ಹಾಗೆ ಹೇಳುತ್ತಿರುವಾಗಲೇ ಬಂತು. ಅವಳು ಬೀಗ ಹಾಕಿ, ಸೆರಗು ಕೊಡವಿಕೊಂಡು ಮನೆಗೆ ಹೊರಟಳು. ಅವಳ ನಿರ್ಭಯ ನೋಡಿ ನನಗೆ ಇನ್ನಷ್ಟು ಚಳಿಯಾಯಿತು. ರಿಟೈರ್ ಆಗುವ ದಿನದವರೆಗೂ ಆ ಸಪ್ಪಳ ಕೇಳಿಸಿಕೊಂಡೇ ಗೇಟು ದಾಟಿದ್ದೇನೆ. ಫ್ರೀ ಥ್ರೋ ಮೆಥಡ್ಡನ್ನು ಮತ್ತೆ ಯಾರಿಗೂ ಕಲಿಸಲಿಲ್ಲ.

ಈ ವರ್ಷ ಶಾಲೆಯಿಂದ ಫೋನು ಬಂತು. ಈಗಿರುವ ಪಿ.ಟಿ. ಟೀಚರ್, ಚಿಕ್ಕ ವಯಸ್ಸಿನ ಹುಡುಗಿ. "ಶನಿವಾರ ಕಂಪ್ಲಿ ಟೀಮ್ ಬರ್ತದ್ರಿ ಮೇಡಂ. ಅವರ ಕೋಚ್ ನಿಮ್ಮ ಸ್ಟೂಡೆಂಟ್ ಅಂತ. ನೀವು ಬರಬೇಕ್ರಿ." ಯಾರು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಆಟೋದಿಂದ ಇಳಿಯುವಾಗಲೇ ಆ ಉದ್ದನೆಯ ತೋಳು ಗುರುತು ಸಿಕ್ಕಿತು. ಟ್ರ್ಯಾಕ್ ಸೂಟ್, ಕೊರಳಲ್ಲಿ ಸೀಟಿ, ಕಿವಿಯ ಪಕ್ಕ ಒಂದಿಷ್ಟು ನರೆ. "ಬರ್ರಿ ಮಿಸ್, ಕುಂದ್ರಿ," ಎಂದು ಕುರ್ಚಿ ಎಳೆದು ಕೊಟ್ಟಳು. ಹತ್ತು ವರ್ಷ ಹೊಲ, ಗಾರ್ಮೆಂಟ್ಸ್ ಕೆಲಸ, ಕರೆಸ್ಪಾಂಡೆನ್ಸಿನಲ್ಲಿ ಡಿಗ್ರಿ, ಆಮೇಲೆ ಪಿ.ಟಿ. ಟ್ರೇನಿಂಗ್. ಇಷ್ಟನ್ನೂ ನಾನು ಕೇಳಿದ್ದಕ್ಕೆ, ಬಸ್ ನಿಲ್ದಾಣಗಳ ಹೆಸರು ಹೇಳಿದ ಹಾಗೆ ಹೇಳಿದಳು.

ಆಟದ ಮಧ್ಯೆ ಕಂಪ್ಲಿಯ ಪುಟ್ಟ ಹುಡುಗಿಯೊಬ್ಬಳಿಗೆ ಫ್ರೀ ಥ್ರೋ ಸಿಕ್ಕಿತು. ಗುಡ್ಡದ ಸಪ್ಪಳಕ್ಕೆ ಬೆದರಿ ಅತ್ತ ಇತ್ತ ನೋಡಿತು ಕೂಸು.

"ಏನೂ ಕೇಳಬ್ಯಾಡ," ಎಂದು ಇವಳು ಕೂಗಿದಳು. "ಕಾಯಬ್ಯಾಡ, ಹೊಡಿ."

ಕಂಪ್ಲಿಯವರೇ ಗೆದ್ದರು. ಹುಡುಗಿಯರು ನಲ್ಲಿಯ ಹತ್ತಿರ ಮುಖ ತೊಳೆಯುತ್ತಾ ಗಲಾಟೆ ಮಾಡುತ್ತಿದ್ದಾಗ ನಾವಿಬ್ಬರೇ ಉಳಿದೆವು. ಮನೆಯಲ್ಲಿ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಎಷ್ಟೋ ರಿಹರ್ಸಲ್ ಮಾಡಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ.

"ಸಂಡೂರಿನಲ್ಲಿ ನನಗೂ ಎರಡು ಕೇಳಿಸಿತ್ತು," ಎಂದೆ. "ನಾನೂ ಮೂರನೇದಕ್ಕೆ ಕಾಯ್ತಾ ಇದ್ದೆ. ಅದಕ್ಕೇ ಕೂಗಲಿಲ್ಲ. ಸೆಲೆಕ್ಟರ್ ಕೇಳಿದಾಗ ನೀನು ಪ್ರೆಶರ್ ತಡ್ಕೊಳ್ಳೋದಿಲ್ಲ ಅಂತ ಹೇಳಿದೆ."

ಅವಳು ಸೀಟಿಯ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಿಮಗ ಕೇಳಿಸಿದ್ದು ಗೊತ್ತಿತ್ರಿ ಮಿಸ್. ವ್ಯಾನ್ ಹತ್ತಿದ ಮ್ಯಾಲೂ ನಿಮ್ಮ ಎರಡು ಬೆರಳು ಮಡಚೇ ಇದ್ದವು." ದಾರ ಕೈಬಿಟ್ಟು, "ಇನ್ನೊಂದು ಗೊತ್ತಿರ್ಲಿಲ್ಲ," ಎಂದಳು.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಂದು ಚೆಂಡು ತೆಗೆದುಕೊಂಡು ಫ್ರೀ ಥ್ರೋ ಗೆರೆಗೆ ಹೋದಳು. ಒಂದೇ ಒಂದು ಸಲ ಕುಟ್ಟುವಂತೆ ಕೈ ಎತ್ತಿದಳು, ಕುಟ್ಟಲಿಲ್ಲ. ನೇರ ಹೊಡೆದಳು. ಚೆಂಡು ರಿಂಗಿಗೆ ಬಡಿದು ಹೊರಗೆ ಬಿತ್ತು. ಬಿದ್ದ ಚೆಂಡನ್ನು ಪುಟಿಯಲು ಬಿಡದೆ ಹಿಡಿದುಕೊಂಡಳು. "ಪ್ರಾಕ್ಟೀಸ್ ಇಲ್ರಿ," ಎಂದು ಚೂರೇ ನಕ್ಕಳು. ನನ್ನ ಕಾಲು ಮುಟ್ಟಲು ಬಗ್ಗಿದವಳು ಅರ್ಧಕ್ಕೇ ನಿಂತು, ನನ್ನ ಕೈ ಹಿಡಿದಳು. ಆ ಎರಡು ಬೆರಳು ಹಿಡಿದು ಬಿಡಿಸಿದಳು. ಅವು ಮಡಚಿದ್ದವೆಂದು ನನಗೇ ಗೊತ್ತಿರಲಿಲ್ಲ.

ಅವರ ಬಸ್ಸು ಹೋಯಿತು. ಮಕ್ಕಳೆಲ್ಲ ಹೋದರು. ಆಯಾ, ಈಗ ಅವಳಿಗೂ ಸೊಂಟ ಬಗ್ಗಿದೆ, ಕೀಲಿ ಹಿಡಿದು ಗೇಟಿನಲ್ಲಿ ನಿಂತಿದ್ದಳು. ನಾನೂ ನಿಂತೆ. ಬಿಸಿಲು ಗುಡ್ಡದ ನೆತ್ತಿಯಿಂದ ಇಳಿಯಿತು. ಸಪ್ಪಳ ಬರಲಿಲ್ಲ.

"ಇಷ್ಟು ವರ್ಷದಾಗ ಒಂದಿನಾ ತಪ್ಪಿದ್ದಿಲ್ರಿ," ಎಂದಳು. "ಏನ್ ಮಾಡ್ಲಿ ಮಿಸ್, ಕಾಯ್ಲೇನ್ರಿ?"

"ಕಾಯೋದು ಬೇಡ. ಹಾಕಿಬಿಡು."

ಬೀಗ ಬಿತ್ತು. ರಸ್ತೆಯ ಕಡೆ ಹತ್ತು ಹೆಜ್ಜೆ ನಡೆದಿರಬೇಕು. ಹಿಂದಿನಿಂದ, ಬೀಗ ಹಾಕಿದ ಗೇಟಿನ ಒಳಗೆ, ಖಾಲಿ ಕೋರ್ಟಿನ ಸಿಮೆಂಟಿನ ಮೇಲೆ ಚೆಂಡು ಒಂದು ಸಲ ಪುಟಿದ ಸಪ್ಪಳ ಕೇಳಿಸಿತು. ಅರೆಕ್ಷಣ ಬಿಟ್ಟು ಗುಡ್ಡ ಅದನ್ನು ವಾಪಸು ಕೊಟ್ಟಿತು.

ಆಯಾ ನನ್ನ ಮೊಣಕೈ ಹಿಡಿದುಕೊಂಡಳು. ಇಷ್ಟು ವರ್ಷ ಬರುತ್ತಿದ್ದದ್ದು ಗುಡ್ಡದ ಸಪ್ಪಳ ಮಾತ್ರ; ನೆಲದ್ದು ಇದೇ ಮೊದಲು.

"ಬಾಲ್ ಎಲ್ಲಾ ಒಳಗ ಇಟ್ಟು ಬೀಗ ಹಾಕೀನ್ರಿ ಮಿಸ್. ಎಣಿಸಿ ಇಟ್ಟೀನಿ."

"ಗೊತ್ತು," ಎಂದೆ. ಇಬ್ಬರೂ ತಿರುಗಿ ನೋಡದೆ ಆಟೋ ನಿಲ್ಲುವ ಕಡೆ ನಡೆದೆವು.