ಕೂಗಿದರೆ ಬರುವವರು

ಬಾಡಿಗೆ ಮನೆ ತೋರಿಸುತ್ತೇನೆಂದು ಕರೆದೊಯ್ದ ದಾನುತೆ ಅಜ್ಜಿ ಅಡುಗೆಮನೆಗಿಂತ ಮೊದಲು ನೆಲಮಾಳಿಗೆ ತೋರಿಸಿದಳು. ಆಲೂಗಡ್ಡೆ ಚೀಲ, ಉಪ್ಪುನೀರಿನಲ್ಲಿಟ್ಟ ಸೌತೆಕಾಯಿ, ನೀರಿನ ಕ್ಯಾನು, ಗೋಡೆಗೆ ಒತ್ತಿಟ್ಟ ಸ್ಟೂಲುಗಳು. ಬಾಗಿಲ ಮೇಲೆ ‘ಪ್ರಿಯೆದಾಂಗಾ’ ಎಂಬ ಹಲಗೆ. ದಾಳಿಯಾದರೆ ಅಡಗುವ ಜಾಗ ಎಂದರ್ಥ. “ಸೈರನ್ ಕೂಗಿದರೆ ನನ್ನನ್ನು ಮೂರನೇ ಮಹಡಿಯಿಂದ ಎತ್ತಿಕೊಂಡು ಬರುವವನು ನೀನು. ನನ್ನ ಮೊಣಕಾಲಿಗೆ ಬೇಗ ಮೆಟ್ಟಿಲಿಳಿಯಲಾಗುವುದಿಲ್ಲ. ಒಪ್ಪಿಗೆಯೇ?” ಎಂದಳು. ನಮ್ಮ ಗೋಕಾಕದಲ್ಲಿ ಬಾಡಿಗೆ ಮನೆ ಕೇಳಿದರೆ ಯಾವ ಜಾತಿ, ಮಾಂಸ ತಿಂತೀರೇನು ಎಂದು ಕೇಳುತ್ತಾರೆ. ನಾನು ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ತಬ್ಬಿಬ್ಬಾಗಿ ಹೂಂ ಅಂದೆ.

ಇದು ಲಿಥುವೇನಿಯಾ ದೇಶದ ವಿಲ್ನಿಯಸ್. ಗೋಕಾಕ ಕಡೆಯ ಅಂಕಲಗಿಯ ಕುರುಬರ ಮಗನಾದ ನಾನು ಇಲ್ಲಿ ಲಾರಿ ಡ್ರೈವರು. ಜರ್ಮನಿ, ಫ್ರಾನ್ಸ್, ಸ್ಪೇನ್ ಎಂದು ವಾರಗಟ್ಟಲೆ ತಿರುಗಿ ಬರುತ್ತೇನೆ. ಕುರಿ ಹಿಂದೆ ತಿರುಗಿದವನಿಗೆ ತಿರುಗಾಟ ಹೊಸದಲ್ಲ, ಮಾತನಾಡಲು ಯಾರೂ ಇಲ್ಲದಿರುವುದು ಹೊಸದು. ರೊಟ್ಟಿ ಇಲ್ಲ, ಆಲೂಗಡ್ಡೆ ತುರಿದು, ಒಳಗೆ ಖಿಮಾ ತುಂಬಿ ಬೇಯಿಸಿದ ‘ಸೆಪೆಲಿನಾಯ್’ ಎಂಬ ಕಡಬು ಇದೆ. ಮಾತುಮಾತಿಗೆ ‘ಆಚು’ ಅನ್ನಬೇಕು, ಅಂದರೆ ಧನ್ಯವಾದ. ನಮ್ಮಲ್ಲಿ ಮನೆಯವರಿಗೆ ಹಾಗಂದರೆ ಹುಚ್ಚು ಹಿಡಿದಿದೆ ಎಂದಾರು. ಮೊದಲ ಸಲ ಅಂಗಡಿಯವಳ ಹತ್ತಿರ ಅವರ ಭಾಷೆಯಲ್ಲೇ ಹಸಿಮೆಣಸಿನಕಾಯಿ ಕೇಳಿ ಪಡೆದ ದಿನ ಊರೇ ಗೆದ್ದಷ್ಟು ಖುಷಿಪಟ್ಟೆ.

ದಾಳಿ ಬರಬಹುದೆಂದು ಇಲ್ಲಿಯವರು ಹೆದರುವ ಪೂರ್ವದ ಗಡಿ ಇಲ್ಲಿಂದ ಹೆಚ್ಚುಕಮ್ಮಿ ಅಂಕಲಗಿಯಿಂದ ಹುಕ್ಕೇರಿಗೆ ಹೋದಷ್ಟೇ ದೂರ. ಅಜ್ಜಿಯ ತಾಯಿಯ ಕಾಲದಲ್ಲಿ ಎರಡು ದೊಡ್ಡ ರಾಷ್ಟ್ರಗಳು ಗುಟ್ಟಾಗಿ ಒಪ್ಪಂದ ಮಾಡಿಕೊಂಡು ನಕಾಶೆಯ ಮೇಲೆ ಗೆರೆ ಎಳೆದವಂತೆ. ಈ ದೇಶ ಸೋವಿಯತ್ತಿನ ಪಾಲಿಗೆ ಬಿತ್ತು. ದೂರದ ದೇಶದವರು ತಪ್ಪು ತಪ್ಪು ಎಂದು ಬರೆದರು, ಯಾರೂ ಬರಲಿಲ್ಲ. ಆ ತಾಯಿಯನ್ನು ಸೈಬೀರಿಯಾಕ್ಕೆ ಸಾಗಿಸಿದರು. ಅಜ್ಜಿ ಹುಟ್ಟಿದ್ದು ಅಲ್ಲಿಯೇ. ಈಗ ಈ ದೇಶ ಮೂವತ್ತು ಚಿಲ್ಲರೆ ದೇಶಗಳ ಸೇನಾ ಕೂಟದಲ್ಲಿದೆ. ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದಂತೆ ಎಂಬುದು ಕರಾರು. ಹಿಂದೆ ದಂಡೆತ್ತಿ ಬಂದ ಜರ್ಮನಿಯವರೇ ಈಗ ಇಲ್ಲಿ ಕಾವಲಿಗೆ ನಿಂತಿದ್ದಾರೆ.

ಒಂದು ಭಾನುವಾರ ಅಜ್ಜಿ ಬೀಟ್‌ರೂಟಿನ ತಣ್ಣನೆ ಸಾರು ಬಡಿಸುತ್ತಾ ಕೇಳಿದಳು: “ನೀನು ಆ ದೇಶಗಳನ್ನೆಲ್ಲ ಕಣ್ಣಾರೆ ಕಂಡವನು. ನಾವು ಕೂಗಿದರೆ ಅವರು ಬರುತ್ತಾರೆಯೇ?”

ಆ ಪ್ರಶ್ನೆಯನ್ನು ನನ್ನಂಥವನಿಗೆ ಕೇಳಬಾರದಿತ್ತು.

ಊರಲ್ಲಿ ನಾವು ಮೂರು ಮನೆಯವರು ಕುರಿ ಕೂಡಿ ಮೇಯಿಸುತ್ತಿದ್ದೆವು. ಹೊರಡುವ ಮುಂಚೆ ದೇವರ ಭಂಡಾರ, ಅಂದರೆ ಅರಿಶಿನ ಪುಡಿ, ಮುಟ್ಟಿ ಆಣೆ: ಯಾರ ಕುರಿದಡ್ಡಿಯಿಂದ ಕೂಗು ಎದ್ದರೂ ಉಳಿದವರು ಬಡಿಗೆ ಹಿಡಿದು ಓಡಬೇಕು. ಮಸಗುಪ್ಪಿಯ ಹೊಲದಲ್ಲಿ ಬೀಡುಬಿಟ್ಟಿದ್ದಾಗ ಒಂದು ಇಳಿಹೊತ್ತು ಆ ಮೂರು ಮನೆಗಳಲ್ಲಿ ಒಂದರ ಯಲ್ಲಪ್ಪ ಕಾಕಾ ಹಳ್ಳದಾಚೆಯಿಂದ ಕೂಗಿದ. ಮೂರನೇ ಮನೆಯವರು ಕೂಗು ಕೇಳಿಸದಷ್ಟು ದೂರದಲ್ಲಿದ್ದರು. ತೋಳ ಬಂದಿದ್ದವು. ನನ್ನ ದಡ್ಡಿಯಲ್ಲಿ ಅಂದೇ ಹುಟ್ಟಿದ ಮರಿಗಳಿದ್ದವು. ನಾನು ಹೋದರೆ ಇವನ್ನು ಕಾಯುವವರು ಯಾರು ಅಂದುಕೊಂಡೆ. ಕಾಕಾ ಎರಡನೇ ಸಲ ಕೂಗಿದ. ನಾನು ನಾಯಿಯ ಕೊರಳಪಟ್ಟಿ ಗಟ್ಟಿಯಾಗಿ ಹಿಡಿದು ನಿಂತೆ. ಒಬ್ಬನೇ ತೋಳಗಳ ಹಿಂದೆ ಓಡಿದ ಕಾಕಾ ಹಳ್ಳದಲ್ಲಿ ಬಿದ್ದು ಸೊಂಟ ಮುರಿದುಕೊಂಡ. ಮತ್ತೆ ಕುರಿ ಹಿಂದೆ ನಡೆಯಲಾಗಲಿಲ್ಲ, ಹಿಂಡನ್ನೇ ಮಾರಿದ. ಗಾಳಿ ಆ ಕಡೆಗಿತ್ತು, ಕೇಳಿಸಲಿಲ್ಲ ಎಂದು ನಾನು ಸುಳ್ಳು ಹೇಳಿದೆ. “ಇರ್ಲಿ ಬಿಡೋ, ಕೇಳಿದ್ರ ನೀ ಬರದ ಇರ್ತಿದ್ದೇನು?” ಅಂದ. ಆ ಮುಖ ನೋಡಲಾರದೆ ಈ ದೇಶಕ್ಕೆ ಬಂದೆ. ಪಗಾರ ಚಲೋ ಐತಿ ಎಂದು ಊರಿಗೆ ಹೇಳಿದ್ದೆಲ್ಲ ನೆಪ.

“ಬರ್ತಾರೆ ಅಜ್ಜಿ,” ಎಂದೆ. ಅವಳು ನಂಬಿ ಇನ್ನೊಂದು ಸೌಟು ಬಡಿಸಿದಳು. ನನಗೆ ನಾಚಿಕೆಯಾಯಿತು. ಯಾಕೆಂದರೆ ಹಿಂದಿನ ದಿನವಷ್ಟೇ ಫೋನಿನಲ್ಲಿ ಅವ್ವ, “ಗದ್ದಲ ಸುರು ಆತಂದ್ರ ಮೊದಲನೇ ವಿಮಾನ ಹತ್ತಿ ಬಾ ಮಗನ,” ಅಂದಿದ್ದಳು. ಅವಳಿಗೂ ಹೂಂ ಅಂದಿದ್ದೆ.

ಮರುದಿನ ಪೋಲೆಂಡಿನ ಪಾರ್ಕಿಂಗಿನಲ್ಲಿ ಲಾರಿ ನಿಲ್ಲಿಸಿ ಕಾಕಾಗೆ ಫೋನ್ ಮಾಡಿದೆ.

“ಕಾಕಾ, ಅವತ್ತ ನಿಮ್ಮ ಕೂಗು ನನಗ ಕೇಳಿತ್ರಿ. ಎರಡೂ ಸಲ ಕೇಳಿತ್ತು.”

ಆ ಕಡೆ ಕಾಕಾ ಕೆಮ್ಮಿದ. ಆಮೇಲೆ, “ಗೊತ್ತೈತಿ. ನನ್ನ ಕೂಗು ಕೇಳಿ ನಿನ್ನ ನಾಯಿ ಒದರಾಕತ್ತಿತ್ತು, ಆದ್ರ ಓಡಿ ಬರಲಿಲ್ಲ. ಅದನ್ನ ಯಾರೋ ಹಿಡದಾರ ಅಂತ ನನಗ ಅವಾಗ ತಿಳೀತು,” ಅಂದ.

“ಮತ್ತ ಯಾರಿಗೂ ಯಾಕ ಹೇಳಲಿಲ್ರಿ?”

“ಹೇಳಿದ್ರ ಉಳದ ಎರಡು ಮನಿಯವರು ಕೂಡಿ ಇರ್ತಿದ್ದಿರೇನು? ಕೂಗಿದ್ರ ಬರ್ತಾರ ಅನ್ನೂ ನಂಬಿಕಿ ಮ್ಯಾಲ ಕುರಿ ಮೇಯ್ತಾವ. ನನ್ನ ಸೊಂಟ ಅಂತೂ ಹೋತು, ಅದೂ ಹೋಗೂದು ಬ್ಯಾಡ ಅನ್ನಿಸ್ತು.”

ನಾನು ಅಳುತ್ತಲೇ ದಾನುತೆ ಅಜ್ಜಿಯ ವಿಷಯ, ಅವ್ವನ ಮಾತು ಎಲ್ಲ ಹೇಳಿದೆ. ಊರಿಗೆ ಬಂದು ನಿಮ್ಮ ಕಾಲು ಹಿಡೀತೇನಿ ಎಂದೆ.

“ಕಾಲು ಹಿಡಿದ್ರ ಸೊಂಟ ಕೂಡತೈತೇನು? ಆ ಮುದುಕಿ ನಿನ್ನ ನಂಬಿ ಕುಂತಾಳ. ಕೂಗು ಎದ್ರ ಅಕಿ ಕಡೆ ಓಡು. ಇತ್ತಾಗ ಓಡಿ ಬರಬ್ಯಾಡ. ನಿಮ್ಮ ಅವ್ವಗ ನಾ ಹೇಳ್ತೇನಿ.”

ಇಷ್ಟು ವರ್ಷ ಅಂಕಲಗಿಗೆ ಹೋಗಲು ನನಗೆ ಮುಖವಿರಲಿಲ್ಲ. ಈಗ ಕಾಕಾನೇ ಕ್ಷಮಿಸಿದ್ದಾನೆ, ಹೋಗಬಹುದು. ಆದರೆ ಅತ್ಯಂತ ಹೆದರಿಕೆಯಾಗುವ ದಿನ, ಅವ್ವ ಬಾ ಎಂದು ಕರೆಯುವ ದಿನ, ನಾನು ಅಲ್ಲಿಗೆ ಹೋಗುವಂತಿಲ್ಲ.