ಹದಿನೈದನೆಯ ಚೀಟಿ

ಹಾರ್ಲನ್ ಗ್ರೋವ್ ಹೈಸ್ಕೂಲಿನಲ್ಲಿ ಅಮ್ಮನ ಹೆಸರಿನಲ್ಲಿ ರಜಾಚೀಟಿ ಬರೆದು ದಕ್ಕಿಸಿಕೊಂಡ ಮಕ್ಕಳು ಕಳೆದ ಮೂವತ್ತೊಂದು ವರ್ಷಗಳಲ್ಲಿ ಯಾರೂ ಇಲ್ಲ. ಹಾಜರಿ ಕಿಟಕಿಯ ಹಿಂದೆ ಡಾರ್ಲೀನ್ ಕುಬಿಯಾಕ್ ಕೂತಿರುತ್ತಿದ್ದಳಲ್ಲ! ಚೀಟಿಯನ್ನು ಅವಳು ಓದುವುದಕ್ಕೂ ಮೊದಲು ಹಿಂದುಮುಂದು ತಿರುಗಿಸಿ ನೋಡುತ್ತಿದ್ದಳು. ನಿಜವಾದ ತಾಯಿ ದಿನಸಿ ಪಟ್ಟಿಯ ಬೆನ್ನಿಗೆ, ಕಾರಿನಲ್ಲಿ ಕೂತು, ತಾರೀಕೂ ಹಾಕದೆ ಗೀಚುತ್ತಾಳೆ. ಕಾರಣ ವಿವರಿಸುವ ಗೋಜಿಗೆ ಹೋಗುವುದಿಲ್ಲ. ಮಕ್ಕಳು ಬರೆದದ್ದರಲ್ಲಿ ತಾರೀಕಿರುತ್ತದೆ, ಕಾಯಿಲೆಯ ಪೂರ್ತಿ ಹೆಸರಿರುತ್ತದೆ, ಕೊನೆಗೆ 'ತಮ್ಮ ವಿಶ್ವಾಸಿ' ಬೇರೆ. ನಿಮ್ಮಮ್ಮನಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬಂತು ಎಂದು ಅವಳು ಕೇಳಿದರೆ, ಎಂಥ ಪೋಕರಿಯೂ ತಲೆ ತಗ್ಗಿಸಬೇಕಾಗುತ್ತಿತ್ತು.

ಫೋನಿನಲ್ಲೂ ಅಷ್ಟೆ. ಇಪ್ಪತ್ತೆರಡು ವರ್ಷದ ಹಿಂದೆ ಟೆರೆನ್ಸ್ ಆಯ್ಲರ್ ಎಂಬ ಹುಡುಗ ಅಪ್ಪನ ಧ್ವನಿಯಲ್ಲಿ ತನಗೇ ರಜೆ ಕೇಳಿದ್ದ. "ಪಾಪ, ಮಿಸ್ಟರ್ ಆಯ್ಲರ್, ನಲವತ್ತಾದ್ರೂ ನಿಮ್ಮ ಗಂಟಲು ಇನ್ನೂ ಒಡೀತಾನೇ ಇದೆಯಲ್ಲ," ಎಂದಿದ್ದಳು ಡಾರ್ಲೀನ್. ಅದು ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯಿಡೀ ಹರಡಿತ್ತು. ಆ ಟೆರೆನ್ಸ್ ಈಗ ಅಲ್ಲಿಯೇ ಈಜು ಕಲಿಸುವ ಮೇಷ್ಟ್ರು.

ಇಷ್ಟೆಲ್ಲ ಅವಳಿಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು ಎಂಬ ಮಾತು ನಮ್ಮವರಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ನಮ್ಮ ಶಾಲೆಯಲ್ಲಿ ಇಲ್ಲದ್ದೇನು? ನೂರು ಮಕ್ಕಳ ವಾದ್ಯವೃಂದ, ನಾಟಕ, ರೋಬೋ ಕಟ್ಟುವ ಗುಂಪು, ಕಾರು ಓಡಿಸುವ ಪಾಠ, ಬೇಕರಿ ಕೆಲಸದ ಪಾಠ. ಎಲ್ಲಕ್ಕಿಂತ ಹಳೆಯದು ಈಜು. ಕೊಳ ತೋಡಿದ ದಿನದಿಂದ ಒಂದು ನಿಯಮವಿದೆ: ಈ ದಡದಿಂದ ಆ ದಡಕ್ಕೆ, ಇಪ್ಪತ್ತೈದು ಗಜ ಈಜದವರಿಗೆ ಶಾಲೆ ಮುಗಿಸಿದ ಡಿಪ್ಲೊಮಾ ಇಲ್ಲ. ಲೆಕ್ಕದಲ್ಲಿ ಬಂಗಾರದ ಪದಕ ಗೆದ್ದವನಾದರೂ ಸರಿ, ನೀರಿಗೆ ಬೀಳಲೇಬೇಕು. ಯಾಕೆಂದು ಯಾರಿಗೂ ನೆನಪಿಲ್ಲ, ಆದರೆ ಬಿಡಲು ಯಾರೂ ತಯಾರಿಲ್ಲ.

ಡಾರ್ಲೀನ್ ನಿವೃತ್ತಿಯಾಗುವ ವಸಂತ ಬಂತು. ಪ್ರಿನ್ಸಿಪಾಲ್ ವಿಟ್‌ಕೂಂಬ್ ಒಳ್ಳೆಯವರು, ಆಪತ್ತು ಬಂದದ್ದೇ ಅಲ್ಲಿಂದ. ಕಲಿತ ಶಾಲೆಯಲ್ಲೇ ದುಡಿದವಳ ಡಿಪ್ಲೊಮಾಕ್ಕೆ ಚೌಕಟ್ಟು ಹಾಕಿಸಿ ಮುಂಬಾಗಿಲಲ್ಲಿ ತೂಗುಹಾಕಬೇಕು, ಪದವಿ ಪ್ರದಾನದ ದಿನ ಅವಳ ಹೆಸರು ಕೂಗಬೇಕು ಎಂದು ಅವರು ಸಾರಿಬಿಟ್ಟರು. ಮನೆಯ ನೆಲಮಾಳಿಗೆಗೆ ನೀರು ನುಗ್ಗಿ ಅದು ಹಾಳಾಯಿತೆಂದು ಡಾರ್ಲೀನ್ ಬಾಯಿಗೆ ಬಂದ ಸುಳ್ಳು ಹೇಳಿದಳು. ಅದಕ್ಕೇನಂತೆ, ನಕಲು ತೆಗೆಸಿದರಾಯಿತು ಎಂದು ಆ ಪುಣ್ಯಾತ್ಮರು ತಾವೇ ಉಗ್ರಾಣಕ್ಕಿಳಿದು ಅವಳ ಕಡತ ಬಿಚ್ಚಿದರು.

ಒಳಗೆ ಈಜು ಪಾಠಕ್ಕೆ ರಜೆ ಕೇಳಿದ ಹದಿನಾಲ್ಕು ಚೀಟಿಗಳು. ಎಲ್ಲದರಲ್ಲೂ ತಾರೀಕು, ಕಾಯಿಲೆ, 'ತಮ್ಮ ವಿಶ್ವಾಸಿ, ಸ್ಟೆಲ್ಲಾ ಕುಬಿಯಾಕ್'. ಕೆಳಗೆ ಒಂದೇ ಸಾಲು: ಈಜು ಬಾಕಿ, ಡಿಪ್ಲೊಮಾ ತಡೆಹಿಡಿಯಲಾಗಿದೆ.

ನೌಕರಿಯ ಅರ್ಜಿಯಲ್ಲಿ 'ಉತ್ತೀರ್ಣ' ಎಂದು ಬರೆದವಳು ಈಗ ಪ್ರಿನ್ಸಿಪಾಲರ ಎದುರು ಬೆವರಿದಳು. ಅವಳಿಗಿಂತ ಅವರಿಗೇ ನಾಚಿಕೆಯಾಗಿತ್ತು. ವಿಷಯ ನನ್ನಲ್ಲೇ ಇರುತ್ತದೆ, ಆದರೆ ಸುಳ್ಳಿಗೆ ಚೌಕಟ್ಟು ಹಾಕಿಸಲಾರೆ ಎಂದರು. ಪದವಿ ಪ್ರದಾನಕ್ಕೆ ಇನ್ನೊಂದು ತಿಂಗಳಿದೆ. ಅಷ್ಟರೊಳಗೆ ಮೊದಲ ಪೀರಿಯಡ್ಡಿನಲ್ಲಿ ಒಂಬತ್ತನೆಯ ತರಗತಿಯವರ ಜೊತೆ ಈಜು ಮುಗಿಸಿದರೆ ಡಿಪ್ಲೊಮಾ ಅಸಲಿಯೇ. ಇಲ್ಲದಿದ್ದರೆ ಹೆಸರು ಕೂಗುವುದಿಲ್ಲ. ಯಾಕೆ ಕೂಗಲಿಲ್ಲ ಎಂದು ಊರು ಕೇಳದೆ ಬಿಡುವುದಿಲ್ಲ.

ಈಜದಿದ್ದರೆ ಮೂವತ್ತೊಂದು ವರ್ಷ ತಾನು ಹಿಡಿದ ಕಳ್ಳರೆಲ್ಲ ನಗುತ್ತಾರೆ. ಈಜೋಣವೆಂದರೆ ನೀರು ಕಂಡರೆ ಪ್ರಾಣಭಯ. ಏಳು ವರ್ಷದವಳಿದ್ದಾಗ ದೊಡ್ಡಪ್ಪನ ಮಗ ಕೆರೆಯ ಕಟ್ಟೆಯಿಂದ ತಳ್ಳಿದ್ದ. ಅಂದಿನಿಂದ ಅವಳು ಮುಖ ತೊಳೆಯುವುದೂ ಒದ್ದೆ ಬಟ್ಟೆಯಿಂದಲೇ.

ಸೋಮವಾರ ಬೆಳಿಗ್ಗೆ ಕೊಳದ ಬದಿಯಲ್ಲಿ ಕೋಟು ತೊಟ್ಟುಕೊಂಡೇ ನಿಂತು, ಅರವತ್ತಮೂರರ ಡಾರ್ಲೀನ್ ಟೆರೆನ್ಸನ ಕೈಗೆ ಒಂದು ಚೀಟಿ ಕೊಟ್ಟಳು.

ಟೆರೆನ್ಸ್ ಅದನ್ನು ತಿರುಗಿಸಿ ನೋಡಿದ. ಬೆನ್ನು ಖಾಲಿ. ಅವನ ಮುಖ ಅರಳಿತು.

"ತಾರೀಕಿದೆ. ಎಡಗಿವಿ ಒಳಗಡೆ ಸೋಂಕು. ಕೊನೇಲಿ ತಮ್ಮ ವಿಶ್ವಾಸಿ. ಮಿಸ್ ಕುಬಿಯಾಕ್, ನಿಮ್ಮಮ್ಮಂಗೆ ಇಷ್ಟು ಪುರುಸೊತ್ತು ಎಲ್ಲಿಂದ ಬಂತು?"

ಇಪ್ಪತ್ತೆರಡು ವರ್ಷ ಕಾದಿದ್ದವನು ಅಷ್ಟಕ್ಕೇ ಬಿಡುತ್ತಾನೆಯೆ? ಒದ್ದೆ ಮಕ್ಕಳು ಸಾಲಾಗಿ ನಿಂತು ನೋಡುತ್ತಿರುವಾಗ, ಸ್ಪೀಕರ್ ಹಾಕಿ ಅವಳ ಮನೆಗೇ ಫೋನು ಹಚ್ಚಿದ. ಎಂಬತ್ತೊಂಬತ್ತರ ತಾಯಿ ಸ್ಟೆಲ್ಲಾ ಎತ್ತಿಕೊಂಡಳು.

"ಕಿವಿಗೇನಾಗಿದೆ ಅವಳಿಗೆ? ಹುಟ್ಟಿದಾಗಿಂದ ಹೇಳಿದ್ದು ಕೇಳಲ್ಲ, ಅದೊಂದೇ ಕಾಯಿಲೆ," ಎಂದಳು. ಮಕ್ಕಳು ಕಿಸಕ್ಕೆಂದವು. ಆಮೇಲೆ ಮುದುಕಿಯೇ ಕೇಳಿದಳು: "ಈಜೋ ಪಾಠಾನಾ?"

"ಹೌದಮ್ಮ."

"ಆಗ ಹದಿನಾಲ್ಕು ಸಲ ನಿಮ್ಮ ಶಾಲೆಯೋರು ಫೋನ್ ಮಾಡಿ ಕೇಳಿದ್ರು. ಹದಿನಾಲ್ಕು ಸಲಾನೂ ನಾನೇ ಬರ್ದಿದ್ದು ಅಂದೆ. ಮಗು ಹೆದ್ರಿಕೊಂಡಿತ್ತು. ಹದಿನೈದನೇ ಸುಳ್ಳು ಈ ವಯಸ್ಸಲ್ಲಿ ನನ್ ಕೈಲಾಗಲ್ಲ. ನೀರಿಗೆ ಇಳಿಸಪ್ಪ. ಕೈ ಮಾತ್ರ ಬಿಡ್ಬೇಡ."

ಅಮ್ಮನ ಸಹಿಯನ್ನು ನಕಲೆಂದು ಯಾರೂ ಗುರುತಿಸಲಾರದಷ್ಟು ಚೆನ್ನಾಗಿ ಹಾಕಿದ್ದೆನೆಂದು ಡಾರ್ಲೀನ್ ನಲವತ್ತೈದು ವರ್ಷ ಒಳಗೊಳಗೇ ಬೀಗಿದ್ದಳು. ಮೊದಲು ಸತ್ತದ್ದು ಆ ಜಂಬ. ಆಮೇಲೆ ಅಳು ಬಂತು, ತಡೆಯಲಾಗಲಿಲ್ಲ. ಟೆರೆನ್ಸನ ನಗುವೂ ನಿಂತಿತ್ತು. ಅವನು ಬೂಟು ಬಿಚ್ಚಿ ಮೊದಲು ತಾನಿಳಿದು ಕೈ ಚಾಚಿದ.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುತ್ತಾರೆ. ಶುದ್ಧ ಸುಳ್ಳು. ಹನ್ನೊಂದು ದಿನ ಅವಳು ಅಂಚಿನ ಕಂಬಿ ಹಿಡಿದು ಗಡಗಡ ನಡುಗಿದಳು, ಟೆರೆನ್ಸನ ಕೈಯಲ್ಲಿ ಉಗುರಿನ ಗುರುತು ಮೂಡಿಸಿದಳು. ಹನ್ನೆರಡನೆಯ ದಿನ ನಾಯಿ ಈಜಿದಂತೆ ಈಜಿ, ಅರ್ಧ ಕೊಳ ಕುಡಿದು ಆಚೆ ದಡ ಮುಟ್ಟಿದಳು. ಮಕ್ಕಳು ಕೂಗಿದ ಕೂಗಿಗೆ ಪ್ರಿನ್ಸಿಪಾಲರು ಬೆಂಕಿ ಬಿತ್ತೆಂದು ಓಡಿಬಂದರು. ಮಗಳ ಈಜು ನೋಡಲೆಂದು ಬಂದು ಮೆಟ್ಟಿಲ ಮೇಲೆ ಕೂತಿದ್ದ ಸ್ಟೆಲ್ಲಾ ಕೈಚೀಲದಲ್ಲಿ ಪೆನ್ನು ಹುಡುಕುತ್ತಿದ್ದಳು.

ಅಂದು ಹಾಜರಿ ಕಿಟಕಿ ತೆರೆದದ್ದು ಇಪ್ಪತ್ತು ನಿಮಿಷ ತಡವಾಗಿ. ಮೊದಲು ಬಂದವಳು ಸ್ಟೆಲ್ಲಾ. ಒಂದು ಕಾಗದ ಒಳಗೆ ತಳ್ಳಿದಳು. ಔಷಧಿ ಅಂಗಡಿಯ ರಸೀದಿ, ಬೆನ್ನಿಗೆ ವಕ್ರ ಅಕ್ಷರ, ತಾರೀಕಿಲ್ಲ: 'ಡಾರ್ಲೀನ್ ತಡ. ಕೂದಲು ಒದ್ದೆ. ಅಮ್ಮ.'

ಡಾರ್ಲೀನ್ ಅದನ್ನು ಹಿಂದುಮುಂದು ತಿರುಗಿಸಿ ನೋಡಿದಳು. ಮುದ್ರೆ ಒತ್ತಿ ತನ್ನ ಕಡತಕ್ಕೆ ಸೇರಿಸಿದಳು. ಕಡತದ ಹದಿನೈದು ಚೀಟಿಗಳಲ್ಲಿ ಅಮ್ಮನ ಕೈಬರಹವಿದ್ದದ್ದು ಅದೊಂದೇ.